ಸಿರಿಂಜಿನಲ್ಲಿ ಗಾಳಿ ಇರಲಿ

ಬಾಯಿ ತೆರೆಯಲಾಗದವರ ತಲೆ ಹಿಡಿದುಕೊಂಡು ನಿಲ್ಲುವುದು ನನ್ನ ಉದ್ಯೋಗವಾಗಿತ್ತು. ಹೀಗೆಂದರೆ ಬಂಟ್ವಾಳ ಪೇಟೆಯ ನನ್ನ ಗೆಳೆಯರು ಈಗಲೂ ನಗುತ್ತಾರೆ. "ಸಂಜೀವಣ್ಣ, ಬಾಯಿ ಮುಚ್ಚದವರ ತಲೆ ಹಿಡಿಯುವ ಕೆಲಸ ಉಂಟಾದರೆ ಹೇಳಿ ಮಾರ್ರೆ, ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ" ಎನ್ನುತ್ತಾರೆ.

ಮೂಡುಬಿದಿರೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಹಲ್ಲು ಮತ್ತು ದವಡೆಯ ವಿಭಾಗಕ್ಕೆ ನಾನು ಸಹಾಯಕನಾಗಿದ್ದೆ. ಓದಿದ್ದು ಹೈಸ್ಕೂಲಿನವರೆಗೆ. ಈಗ ಅಲ್ಲಿಗೆ ಸೇರುವವರು ಡಿಪ್ಲೊಮಾ ಮಾಡಿಯೇ ಬರುತ್ತಾರೆ. ನನಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚು ಕಲಿತಿರುತ್ತಾರೆ. ಆದರೂ ಕೈತಪ್ಪು ಎಲ್ಲಿ ಆಗುತ್ತದೆ, ಆದ ಮೇಲೆ ಮನುಷ್ಯ ಏನೇನು ಮಾಡುತ್ತಾನೆ ಎಂಬುದನ್ನು ಅವರಿಗೆ ಯಾರೂ ಪಾಠ ಮಾಡಿರಲಾರರು. ಅದಕ್ಕಾಗಿ ಇಷ್ಟು ಬರೆಯುತ್ತಿದ್ದೇನೆ. ನಾರಾವಿ ಕಡೆಯ ವಾರಿಜಾ ಎಂಬ ಹೆಂಗಸು ತನಗೆ ನೋವುಂಟು ಎಂದು ಹೇಳಿದ ಸತ್ಯ ನನ್ನಿಂದಾಗಿ ಸುಳ್ಳೆನಿಸಿಕೊಂಡಿತು. ಆ ಒಂದು ಸಂಗತಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ಅದು ಬರೆದ ಹಾಗಾಗುವುದಿಲ್ಲ.

ಮೊದಲು ಕೆಲಸ ಎಂಥದ್ದೆಂದು ಹೇಳುತ್ತೇನೆ. ಕಿವಿಯ ಮುಂದೆ ಬೆರಳಿಟ್ಟುಕೊಂಡು ಬಾಯಿ ತೆರೆದು ಮುಚ್ಚಿ ನೋಡಿ. ಒಳಗೆ ಗುಂಡಗಿನದೊಂದು ಸರಿದಾಡುತ್ತದಲ್ಲ, ಅದು ದವಡೆಯ ಕೀಲು. ಅದರೊಳಗೆ ಒಂದಿಷ್ಟು ದ್ರವ ಇರುತ್ತದೆ, ಬಾಗಿಲ ತಿರುಗಣೆಗೆ ಬಿಟ್ಟ ಎಣ್ಣೆಯ ಹಾಗೆ. ಕೀಲು ಊದಿಕೊಂಡು ಕಾರಣ ತಿಳಿಯದೆ ಹೋದಾಗ ಆ ದ್ರವವನ್ನು ಸೂಜಿಯಿಂದ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಬಾಯಿ ನೋವೆಂದು ಬಂದವರಿಗೆಲ್ಲ ಇದು ಬೇಡ. ಹೆಚ್ಚಿನವರಿಗೆ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ, ಇಲ್ಲವೇ ಸ್ನಾಯುವಿನ ಸೆಳೆತ; ಶಾಖ ಕೊಟ್ಟು, ವ್ಯಾಯಾಮ ಹೇಳಿಕೊಟ್ಟರೆ ಸರಿಯಾಗುತ್ತದೆ. ಸೂಜಿ ಹಾಕಿದವರಲ್ಲೂ ಸಿಗುವುದು ಅಲ್ಪ. ಮೊಣಕಾಲಿನಲ್ಲಿ ನೀರು ತುಂಬಿದರೆ ಸಿರಿಂಜು ತುಂಬ ಬಂದೀತು. ದವಡೆಯಲ್ಲಿ ನಾಲ್ಕು ಹನಿ ಬಂದರೆ ಆ ದಿನ ಒಳ್ಳೆಯ ದಿನ. ಏನೂ ಬರದಿದ್ದರೆ ಒಳಗೆ ಸ್ವಲ್ಪ ಸಲೈನ್, ಎಂದರೆ ಶುದ್ಧ ಉಪ್ಪುನೀರು, ಬಿಟ್ಟು, ರೋಗಿಗೆ ಬಾಯಿ ಆಡಿಸಲು ಹೇಳಿ, ಅದನ್ನೇ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಈ ಕೆಲಸ ನಮ್ಮಲ್ಲಿ ಶುರುವಾದದ್ದು ಲಲಿತಾ ಮೇಡಂ ಬಂದ ಮೇಲೆ. ಅವರು ದವಡೆಯ ಶಸ್ತ್ರಚಿಕಿತ್ಸಕರು, ವಾರಕ್ಕೊಮ್ಮೆ ಮಂಗಳೂರಿನಿಂದ ಬರುತ್ತಿದ್ದರು. ಅವರಿಗಿಂತ ಮೊದಲಿದ್ದ ಡಾಕ್ಟರು ತಪ್ಪು ಕಂಡರೆ ಬೈಯುತ್ತಿದ್ದರು. ಮೇಡಂ ಬೈಯುತ್ತಿರಲಿಲ್ಲ, ಕೇಳುತ್ತಿದ್ದರು. ಬೈಗಳನ್ನು ತಲೆ ತಗ್ಗಿಸಿ ಕೇಳಿಸಿಕೊಂಡರೆ ಮುಗಿಯಿತು. ಪ್ರಶ್ನೆಗೆ ಉತ್ತರ ಕೊಡಬೇಕಲ್ಲ.

ಅವರ ಜೊತೆ ನಿಂತ ಮೊದಲ ದಿನವೇ ನಾನು ಉತ್ತರ ಕೊಡಬೇಕಾಯಿತು. ರೋಗಿಯ ಕಣ್ಣಿನ ಹೊರತುದಿಯಿಂದ ಕಿವಿಯ ನಡುವಿನವರೆಗೆ ಅವರು ಪೆನ್ನಿನಲ್ಲಿ ಒಂದು ಗೆರೆ ಎಳೆದು, ಆ ಗೆರೆಯ ಆಧಾರದಲ್ಲಿ ಸೂಜಿಯ ಜಾಗಕ್ಕೆ ಚುಕ್ಕೆ ಇಟ್ಟು, ಕೈ ತೊಳೆಯಲು ಹೋದರು. ಶುಚಿತ್ವದಲ್ಲಿ ಯಾರಿಗೂ ಕಡಿಮೆಯಿಲ್ಲದ ನಾನು ಸ್ಪಿರಿಟ್ಟಿನ ಹತ್ತಿಯಿಂದ ಆ ಕೆನ್ನೆಯನ್ನು ಫಳಫಳ ಹೊಳೆಯುವಂತೆ ಒರೆಸಿಟ್ಟೆ.

ಮೇಡಂ ಬಂದು ನೋಡಿದರು. "ಸಂಜೀವಣ್ಣ, ನನ್ನ ರಸ್ತೆ ಎಲ್ಲಿ?"

"ಕ್ಲೀನ್ ಮಾಡಿದೆ ಮೇಡಂ."

"ಬಸ್ಸು ಹೋಗುವ ಮೊದಲು ರಸ್ತೆಯನ್ನೇ ಕ್ಲೀನ್ ಮಾಡುವುದಾ?"

ಮಲಗಿದ್ದ ರೋಗಿಗೆ ನಗು ಬಂತು, ನಗಲು ಬಾಯಿ ತೆರೆಯುವುದಿಲ್ಲ, ಪಾಪ. ಮೊದಲು ಒರೆಸುವುದು, ಆಮೇಲೆ ಗೆರೆ, ಆಮೇಲೆ ಗೆರೆ ಅಳಿಯದ ಹಾಗೆ ಮತ್ತೊಮ್ಮೆ ಮದ್ದು ಹಚ್ಚುವುದು. ಆ ಕ್ರಮ ನನಗೆ ಜನ್ಮದಲ್ಲಿ ಮರೆಯಲಿಲ್ಲ.

ಎರಡನೆಯ ಪಾಠ ಕಲಿಸಿದ್ದು ಮಂಗಳೂರಿನ ಲ್ಯಾಬಿನವರು. ಮಾದರಿಯನ್ನು ನಾನೇ ಬಸ್ಸಿನಲ್ಲಿ ಒಯ್ಯುತ್ತಿದ್ದೆ. ನಮ್ಮ ಕಡೆಯವರಿಗೆ ಕೆಡುವ ವಸ್ತು ಎಂದರೆ ಮೀನು, ಕೆಡದಿರಲು ಐಸು. ಯಾರನ್ನೂ ಕೇಳದೆ ನಾನು ಆ ಪುಟ್ಟ ನಳಿಕೆಯನ್ನು ಐಸಿನಲ್ಲಿ ಹುಗಿದು ಡಬ್ಬಿಯಲ್ಲಿಟ್ಟುಕೊಂಡೆ. ದಾರಿಯುದ್ದಕ್ಕೂ ನೀರು ಸೋರಿತು. ಕಂಡಕ್ಟರ್ ಮೂಗು ಮುಂದೆ ಮಾಡಿ, "ಎಂತ ಮೀನು ಅಣ್ಣ? ಮಂಗಳೂರಿಗೇ ಮೀನು ಕೊಂಡುಹೋಗುವವರನ್ನು ಈಗಲೇ ನೋಡಿದ್ದು" ಎಂದ. ಲ್ಯಾಬಿನ ತಂತ್ರಜ್ಞೆ ಡಬ್ಬಿ ತೆರೆದವಳೇ ಕೇಳಿದಳು: "ಇದೆಂತ, ಬಂಗುಡೆಯಾ?"

ತಣ್ಣಗಾದರೆ ದ್ರವದೊಳಗಿನ ಕೆಲವು ರೋಗಾಣುಗಳು ಸಾಯುತ್ತವೆ, ಹಾಗಾಗಿ ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಕೆಲವು ಕೀಲುರೋಗಗಳಲ್ಲಿ ದ್ರವದೊಳಗೆ ಸಣ್ಣ ಹರಳುಗಳಿರುತ್ತವೆ; ತಣ್ಣಗಾದರೆ ಇಲ್ಲದಲ್ಲೂ ಅವು ಕಂಡರೂ ಕಾಣಬಹುದು. ಸುಮ್ಮನೆ ಜೇಬಿನಲ್ಲಿಟ್ಟು ಬೇಗ ತಂದುಕೊಟ್ಟರೆ ಸಾಕಿತ್ತು. ಆ ರೋಗಿಗೆ ಮತ್ತೊಮ್ಮೆ ಸೂಜಿ ಹಾಕಬೇಕಾಯಿತು. ಮೇಡಂ ಅವರ ಬಳಿ ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಅವರೂ ರೋಗಿಯ ಬಳಿ ಹಾಗೆಯೇ ಹೇಳಿದರು. ಆತ "ಐಸಾ?" ಎಂದು ನಕ್ಕ. ಅಷ್ಟಕ್ಕೇ ಮುಗಿಯಿತು. ಸತ್ಯ ಹೇಳುವುದು ಇಷ್ಟು ಸುಲಭ ಎಂದು ಅಂದು ಕಣ್ಣಾರೆ ಕಂಡವನು ನಾನು. ಮುಂದೆ ಮಾಡಿದ್ದಕ್ಕೆ ನನಗೆ ಯಾವ ನೆವವೂ ಇಲ್ಲ.

ಇನ್ನೊಬ್ಬರು ಶಿರ್ತಾಡಿಯವರು, ಸೋಡಾದ ಮುಚ್ಚಳ ಹಲ್ಲಿನಲ್ಲಿ ತೆರೆದು ದವಡೆ ಊದಿತೆಂದು ಬಂದಿದ್ದರು. ಹೆಂಡತಿ ಪಕ್ಕದಲ್ಲೇ ಇದ್ದರು. ಸೂಜಿಯಲ್ಲಿ ಬಂದ ದ್ರವ ಪೂರ್ತಿ ಕೆಂಪು. ಸೂಜಿ ತಾಗಿ ರಕ್ತ ಬಂದರೆ ದ್ರವದಲ್ಲಿ ದಾರದ ಹಾಗೆ ಗೆರೆ ಕಾಣುತ್ತದೆ. ಒಳಗೇ ಪೆಟ್ಟಾಗಿದ್ದರೆ ಎಲ್ಲ ಒಂದೇ ಬಣ್ಣ. ಮೇಡಂ ನಿಧಾನವಾಗಿ ಕೇಳಿದರು, "ಸೋಡಾ ಬಾಟ್ಲಿ ಎಷ್ಟು ಎತ್ತರದಿಂದ ಬಿತ್ತು?" ಆತ ಹೆಂಡತಿಯ ಮುಖ ನೋಡಿ, "ಬಾಟ್ಲಿ ಅಲ್ಲ, ಬೈಕು" ಎಂದ. ಹೊಸ ಬೈಕು, ಮನೆಯಲ್ಲಿ ಹೇಳದೆ ತೆಗೆದದ್ದು. ಹೆಂಡತಿ "ಮನೆಗೆ ಬನ್ನಿ, ನೋಡುವ" ಎಂದರು. ಆ ಮನುಷ್ಯನ ದವಡೆ ಬೇಗ ವಾಸಿಯಾಯಿತು. ಬೈಕಿನ ಕತೆ ಏನಾಯಿತೋ ತಿಳಿಯದು.

ಈಗ ವಾರಿಜಾ.

ಆಕೆ ಬೀಡಿ ಕಟ್ಟುತ್ತಿದ್ದಳು. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಎಡಗಡೆ ಕಿವಿಯ ಮುಂದೆ ಊತ, ಬಾಯಿ ಅರ್ಧ ತೆರೆಯುತ್ತಿತ್ತು. ನಮ್ಮಲ್ಲಿ ಒಂದು ಲೆಕ್ಕವಿದೆ: ರೋಗಿ ತನ್ನದೇ ಮೂರು ಬೆರಳುಗಳನ್ನು ಒಂದರ ಕೆಳಗೊಂದಿಟ್ಟು ಹಲ್ಲುಗಳ ನಡುವೆ ತೂರಿಸಬೇಕು. ತೂರಿದರೆ ಬಾಯಿ ಸರಿಯಾಗಿ ತೆರೆಯುತ್ತದೆ ಎಂದರ್ಥ. ವಾರಿಜಾಳಿಗೆ ಎರಡು ಬೆರಳು ಕಷ್ಟದಲ್ಲಿ ಹೋಗುತ್ತಿತ್ತು. ಬೀಡಿಯ ನೂಲನ್ನು ಹಲ್ಲಿನಲ್ಲಿ ಕಡಿಯುವ ಅಭ್ಯಾಸದಿಂದ ಹೀಗಾಗಿರಬಹುದೆಂದು ಅವಳೇ ಎಣಿಸಿದ್ದಳು. ಜೊತೆಗೆ ಅತ್ತೆ ಬಂದಿದ್ದರು, ಗಟ್ಟಿ ಧ್ವನಿಯ ಹೆಂಗಸು, ಆಗಲೇ ಕಿವಿ ಸ್ವಲ್ಪ ಮಂದ.

"ಕುಚ್ಚಲಕ್ಕಿ ಅನ್ನ ಜಗಿಯಲಿಕ್ಕೆ ಆಗುವುದಿಲ್ಲವಂತೆ ಡಾಕ್ಟ್ರೇ, ಇವಳಿಗೊಬ್ಬಳಿಗೆ ಬೇರೆ ಗಂಜಿ ಆಗಬೇಕಂತೆ. ಬೆಳಿಗ್ಗೆ ಬೀಡಿಗೂ ಕೈ ಬರುವುದಿಲ್ಲವಂತೆ. ಬಾಯಿಯ ರೋಗ ಕೈಗೆ ಹೇಗೆ ಬರುತ್ತದೆ, ನೀವೇ ಹೇಳಿ."

ಮೇಡಂ ಆ ಮಾತನ್ನು ಗಮನವಿಟ್ಟು ಕೇಳಿದರು. ಪರೀಕ್ಷಿಸಿ, ಸೂಜಿ ಹಾಕಿ ನೋಡುವ ಎಂದರು. ನಾನು ತಲೆ ಹಿಡಿದೆ. ಸಲೈನ್ ಬಿಡುವ ಮೊದಲೇ ಸಿರಿಂಜಿಗೆ ಕೆಲವು ಹನಿ ಬಂತು, ಹಳದಿ ಬಣ್ಣ, ಸ್ವಲ್ಪ ಮಸಕು. ಒಳ್ಳೆಯ ಕೀಲಿನ ದ್ರವ ಬಸಳೆಯ ಲೋಳೆಯ ಹಾಗೆ ಎಳೆಯಾಗಿ ಇಳಿಯುತ್ತದೆ. ಕೆಟ್ಟದ್ದು ನೀರಿನಂತೆ ತೊಟ್ಟಿಕ್ಕುತ್ತದೆ. ಮೇಡಂ ಸಿರಿಂಜನ್ನು ನನ್ನ ಕೈಗೆ ಕೊಟ್ಟು ರೋಗಿಯ ಕಡೆ ಬಾಗಿದರು, ಕೀಲು ತೊಳೆಯುವ ಕೆಲಸ ಬಾಕಿಯಿತ್ತು.

ನಾನು ಮಾಡಬೇಕಾಗಿದ್ದದ್ದು ಆ ಹನಿಗಳನ್ನು ನಳಿಕೆಗೆ ಇಳಿಸುವುದು, ಅಷ್ಟೇ. ಆದರೆ ಅದಕ್ಕೆ ಮೊದಲು ಎಷ್ಟೋ ವರ್ಷ ನಾನು ಇಂಜೆಕ್ಷನ್ ತುಂಬಿಸಿ ಕೊಟ್ಟವನು. ತುಂಬಿದ ಸಿರಿಂಜು ಕೈಗೆ ಬಂದರೆ ಕೈ ತಾನಾಗಿಯೇ ಸೂಜಿಯನ್ನು ಮೇಲೆ ಮಾಡುತ್ತದೆ, ಬೆರಳು ಎರಡು ಸಲ ತಟ್ಟುತ್ತದೆ, ಹೆಬ್ಬೆರಳು ಒತ್ತಿ ಗಾಳಿ ಹೊರಗೆ ಬಿಡುತ್ತದೆ, ತುದಿಯಲ್ಲಿ ಹನಿ ಕಾಣುವವರೆಗೆ. ಒಳಗೆ ಹೋಗುವ ಮದ್ದಿಗೆ ಅದು ಸರಿ. ಹೊರಗೆ ಬಂದ ಮಾದರಿಗೆ ಗಾಳಿ ಇದ್ದರೆ ಏನೂ ಆಗುವುದಿಲ್ಲ. ನಾನು ತಟ್ಟಿದೆ, ಒತ್ತಿದೆ. ಪಿಚಕ್ ಎಂದು ಇದ್ದ ಹನಿಗಳೆಲ್ಲ ನನ್ನ ಗ್ಲೌಸಿನ ಮೇಲೂ ನೆಲದ ಮೇಲೂ ಹಾರಿ ಹೋದವು. ಸಿರಿಂಜಿನಲ್ಲಿ ಏನೂ ಉಳಿಯಲಿಲ್ಲ.

ಮೇಡಂ ಅವರ ಬೆನ್ನು ನನ್ನ ಕಡೆಗಿತ್ತು. ಆಗ "ಚೆಲ್ಲಿತು ಮೇಡಂ" ಎಂದಿದ್ದರೆ ತೊಳೆದ ನೀರನ್ನಾದರೂ ಹಿಡಿದು ಕಳುಹಿಸುತ್ತಿದ್ದರು, ಅದರಲ್ಲೂ ಕೀಲಿನ ಅಂಶ ಇರುತ್ತದೆ. ಹಾಗೆ ಹೇಳುವ ಬದಲು ನಾನು ಬಟ್ಟಲಿನಲ್ಲಿದ್ದ ಶುದ್ಧ ಸಲೈನನ್ನು ಚೂರು ಎಳೆದು ನಳಿಕೆಗೆ ಬಿಟ್ಟೆ. ಹೆಸರು ಬರೆದು ಅಂಟಿಸಿದೆ. ಆ ದಿನ ಅದನ್ನು ಐಸಿನಲ್ಲಿಡಲಿಲ್ಲ, ಕ್ರಮ ತಪ್ಪದೆ ಜೇಬಿನಲ್ಲಿಟ್ಟು ಮಂಗಳೂರಿಗೆ ಒಯ್ದೆ. ಉಪ್ಪುನೀರನ್ನು.

ವರದಿಯಲ್ಲಿ ಉರಿಯೂತವಿಲ್ಲ, ಹರಳಿಲ್ಲ, ಏನೂ ಇಲ್ಲ ಎಂದು ಬಂತು. ಮೇಡಂ ಅದನ್ನು ಎರಡು ಸಲ ಓದಿದರು.

"ಬಣ್ಣ ಇತ್ತಲ್ಲ ಸಂಜೀವಣ್ಣ? ಮಸಕಾಗಿತ್ತು. ನೀವೂ ನೋಡಿದ್ದೀರಿ."

ನಾನು ಹೇಳಿದೆ: "ಲೈಟಿಗೆ ಹಾಗೆ ಕಂಡದ್ದಾಗಿರಬೇಕು ಮೇಡಂ."

ಚೆಲ್ಲಿದ್ದು ಕೈ. ಈ ಮಾತು ಹೇಳಿದ್ದು ನಾನು. ತನ್ನ ಕಣ್ಣನ್ನು ನಂಬಿ ಇಷ್ಟು ವರ್ಷ ಕೆಲಸ ಮಾಡಿದ ವೈದ್ಯೆ ಅಂದು ನನ್ನ ಮಾತು ನಂಬಿ ತನ್ನ ಕಣ್ಣನ್ನು ಬಿಟ್ಟರು. ವಾರಿಜಾಳಿಗೆ ಶಾಖ, ವ್ಯಾಯಾಮ, ನೋವಿನ ಮಾತ್ರೆ ಬರೆದುಕೊಟ್ಟು, ಒಂದು ತಿಂಗಳು ಬಿಟ್ಟು ಬರಲೇಬೇಕು ಎಂದರು. ಅತ್ತೆ ವರದಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾನು ಹೇಳಿದ್ದೇ ಆಯಿತಲ್ಲ, ಎಂತದೂ ಇಲ್ಲ" ಎಂದು ಎದ್ದರು.

ಒಂದು ತಿಂಗಳಿಗೆ ಆಕೆ ಬರಲಿಲ್ಲ. ಏನೂ ಇಲ್ಲದ ರೋಗಕ್ಕೆ ಬಸ್ಸು ಹತ್ತಿಸುವವರು ಯಾರು? ನಾರಾವಿಯ ಬಸ್ಸು ನಮ್ಮ ನಿಲ್ದಾಣದಲ್ಲಿ ಬಂದು ನಿಂತಾಗಲೆಲ್ಲ ನಾನು ಇಳಿಯುವವರನ್ನು ನೋಡುತ್ತಿದ್ದೆ. ಬರಲಿ ಎಂದು ನೋಡುತ್ತಿದ್ದೆನೋ ಬಾರದಿರಲಿ ಎಂದೋ, ಇವತ್ತಿಗೂ ಸರಿಯಾಗಿ ಹೇಳಲಾರೆ.

ಮಳೆಗಾಲ ಕಳೆದು ಬಂದಳು. ಬಡಕಲಾಗಿದ್ದಳು. ಬಾಯಲ್ಲಿ ಒಂದೇ ಬೆರಳು ಹೋಗುತ್ತಿತ್ತು. ಅತ್ತೆ ಮೊದಲಿನಂತೆಯೇ ಜೋರಾಗಿ ಹೇಳಿದರು: "ಇವಳದ್ದು ಹಟ. ಗಂಜಿ ಬೇರೆ ಮಾಡಿ ಕೊಡುವುದಿಲ್ಲ ಎಂದದ್ದಕ್ಕೆ ಉಪವಾಸ ಕೂರುತ್ತಾಳೆ. ರಿಪೋರ್ಟು ಉಂಟು ನನ್ನ ಹತ್ತಿರ."

ವಾರಿಜಾ ಹಲ್ಲುಗಳ ನಡುವಿನಿಂದ ಮಾತಾಡಿದಳು. "ನೋವುಂಟು ಡಾಕ್ಟ್ರೇ. ದೇವರಾಣೆ ಉಂಟು." ಆಮೇಲೆ ನನ್ನ ಕಡೆ ತಿರುಗಿದಳು. "ಅಣ್ಣ, ನೀವು ತಲೆ ಹಿಡಿದದ್ದಲ್ಲವಾ. ನಾನು ನಡುಗಿದ್ದು ನಿಮಗೆ ಗೊತ್ತುಂಟಲ್ಲ? ಹೇಳಿ."

ಸಾಕ್ಷಿ ಹೇಳಲು ಆಕೆ ನನ್ನನ್ನೇ ಕರೆದಳು. ನಾನು ಮೇಡಂ ಅವರಿಗೆ ಒಂದು ನಿಮಿಷ ಹೊರಗೆ ಬನ್ನಿ ಎಂದೆ. ಕೈ ತೊಳೆಯುವ ಕಡೆ ನಿಂತು ಎಲ್ಲವನ್ನೂ ಹೇಳಿದೆ.

ಮೇಡಂ ತಿರುಗಿಸಿದ ನಲ್ಲಿಯಿಂದ ನೀರು ಹರಿಯುತ್ತಲೇ ಇತ್ತು. ಆಮೇಲೆ ಕೇಳಿದರು, "ಹಾಗಾದರೆ ಬಣ್ಣ ಇತ್ತು?"

"ಇತ್ತು ಮೇಡಂ."

"ಚೆಲ್ಲಿದ್ದಕ್ಕೆ ನಾನು ಎಂತದೂ ಹೇಳುವುದಿಲ್ಲ. ಕಲಿಯುವಾಗ ನಾನೂ ಚೆಲ್ಲಿದ್ದೇನೆ. ಆದರೆ ನೀರು ತುಂಬಿಸಿದಿರಿ. ಆಮೇಲೆ ನಾನು ಕೇಳಿದಾಗ ಲೈಟು ಎಂದಿರಿ. ಆಗ ನಿಮಗೆ ಅವಳ ನೆನಪು ಬರಲಿಲ್ಲವಾ?"

ಕೆಲಸದಿಂದ ತೆಗೆಯಿರಿ ಎಂದೆ. "ಅದನ್ನು ಆಡಳಿತದವರು ನೋಡಲಿ, ಅವರಿಗೂ ನೀವೇ ಹೇಳಿ. ಈಗ ಬಂದು ತಲೆ ಹಿಡಿಯಿರಿ" ಎಂದು ಒಳಗೆ ನಡೆದರು. ಆಡಳಿತದವರು ನನ್ನನ್ನು ಕೆಲವು ಕಾಲ ಔಷಧಿಯ ಗೋದಾಮಿಗೆ ಹಾಕಿದರು. ಕೊನೆಗೆ ಮೇಡಂ ಅವರೇ ಕೇಳಿ ಹಿಂದಕ್ಕೆ ಕರೆಸಿಕೊಂಡರು.

ಅಂದು ಮೇಡಂ ಅತ್ತೆ ಸೊಸೆಯರಿಬ್ಬರನ್ನೂ ಕೂರಿಸಿ, ಮೊದಲ ಮಾದರಿ ನಮ್ಮ ಕೈಯಲ್ಲಿ ಹಾಳಾಗಿತ್ತು, ಆ ವರದಿ ಲೆಕ್ಕಕ್ಕಿಲ್ಲ, ಮತ್ತೊಮ್ಮೆ ತೆಗೆಯಬೇಕು ಎಂದರು. ವಾರಿಜಾ ತಲೆಯಾಡಿಸಿದಳು. ಅತ್ತೆಗೆ ಎಷ್ಟು ಕೇಳಿಸಿತೋ, ಎಷ್ಟು ನಂಬಿದರೋ. ಹೊರಗೆ ಬಂದ ಮೇಲೆ ಮೇಡಂ ನನಗೆ ಹೇಳಿದರು: "ಆಸ್ಪತ್ರೆಯ ಪರವಾಗಿ ಹೇಳುವುದನ್ನು ನಾನು ಹೇಳಿದ್ದೇನೆ. ನಿಮ್ಮ ಪಾಲಿನದನ್ನು ನೀವೇ ಹೇಳಬೇಕು."

ಎರಡನೆಯ ಸಲ ಮಾದರಿ ತೆಗೆಯುವಾಗ ಸಿರಿಂಜನ್ನು ನನ್ನ ಕೈಗೇ ಕೊಟ್ಟರು. ಕೊಡುವಾಗ ಗಟ್ಟಿಯಾಗಿ ಹೇಳಿದರು, "ಗಾಳಿ ಇರಲಿ." ನಾನೂ ಗಟ್ಟಿಯಾಗಿ "ಗಾಳಿ ಇರಲಿ" ಎಂದು, ಸೂಜಿ ಕೆಳಗೆ ಮಾಡಿ, ನಳಿಕೆಗೆ ಇಳಿಸಿದೆ. ಅಲ್ಲಿಂದ ಮುಂದೆ ಅದು ನಮ್ಮಲ್ಲಿ ಕ್ರಮವೇ ಆಯಿತು. ಕೊಡುವವರು ಹೇಳುವುದು, ತೆಗೆದುಕೊಳ್ಳುವವರು ತಿರುಗಿ ಹೇಳುವುದು. ಈಗ ಸೇರಿರುವವರು ಇದು ಯಾವುದೋ ಪುಸ್ತಕದಲ್ಲಿದೆ ಎಂದುಕೊಂಡಿದ್ದಾರೆ. ಇಲ್ಲ ಮಕ್ಕಳೇ, ಇದು ನನ್ನಿಂದ ಬಂದದ್ದು.

ಈ ಸಲ ದ್ರವದಲ್ಲಿ ಬಿಳಿ ರಕ್ತಕಣಗಳು ತುಂಬಿದ್ದವು. ರೋಗಾಣುವೂ ಇರಲಿಲ್ಲ, ಹರಳೂ ಇರಲಿಲ್ಲ. ಆಗ ಮೇಡಂ ಅವಳ ಬೆರಳ ಗಿಣ್ಣುಗಳನ್ನು ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿದರು. ಸಂಧಿವಾತ. ದೇಹ ತನ್ನ ಕೀಲುಗಳನ್ನೇ ಶತ್ರುವೆಂದು ತಿಳಿಯುವ ರೋಗ. ಅವಳಿಗೆ ದವಡೆಯಲ್ಲಿ ಮೊದಲು ಜೋರಾಗಿತ್ತು. ಬೆಳಿಗ್ಗೆ ಬೆರಳು ಮಡಚದಿರುವುದೂ ಅದರದ್ದೇ. ಬೀಡಿ ಕಟ್ಟುವವರಿಗೆ ಬೆರಳು ಹಿಡಿಯುವುದು ಮಾಮೂಲು ಎಂದು ಮನೆಯಲ್ಲಿ ಯಾರೂ ಅದನ್ನು ಕಾಯಿಲೆಯ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬಾಯಿಯ ರೋಗ ಕೈಗೆ ಹೇಗೆ ಬರುತ್ತದೆ ಎಂದು ಅತ್ತೆ ಕೇಳಿದ್ದರಲ್ಲ, ಅದೇ ಸರಿಯಾದ ಪ್ರಶ್ನೆಯಾಗಿತ್ತು.

ಮಂಗಳೂರಿನ ಕೀಲುರೋಗದ ವೈದ್ಯರು ಮದ್ದು ಶುರುಮಾಡಿದರು. ಮೇಡಂ ಕೀಲು ತೊಳೆದರು. ವ್ಯಾಯಾಮಕ್ಕೆ ಐಸ್‌ಕ್ರೀಮಿನ ಮರದ ಕಡ್ಡಿಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಇಟ್ಟುಕೊಳ್ಳುವುದು. ಆಗಾಗ ಒಂದು ಕಡ್ಡಿ ಹೆಚ್ಚಿಸುವುದು. ನಾನು ಪೇಟೆಯ ಅಂಗಡಿಯಿಂದ ಕಟ್ಟು ತಂದು ಕೊಡುತ್ತಿದ್ದೆ. ಪ್ರತಿ ಸಲ ಕೊಡುವಾಗ ಇವತ್ತು ಹೇಳಬೇಕು ಎಂದುಕೊಳ್ಳುತ್ತಿದ್ದೆ. "ಎಷ್ಟು ಉಪಕಾರ ಮಾಡ್ತೀರಿ ಅಣ್ಣ" ಎನ್ನುತ್ತಿದ್ದಳು. ಹೇಳಲಾಗುತ್ತಿರಲಿಲ್ಲ. ಆಮೇಲಾಮೇಲೆ ಆಕೆ ನಮ್ಮಲ್ಲಿಗೆ ಬರುವ ಅಗತ್ಯವೇ ಇಲ್ಲವಾಯಿತು.

ನಾನು ನಿವೃತ್ತನಾಗುವ ಹೊತ್ತಿಗೆ ಕೆಲಸವೇ ಬದಲಾಗಿತ್ತು. ಪೆನ್ನಿನ ಗೆರೆಯ ಜೊತೆ ಅಲ್ಟ್ರಾಸೌಂಡ್ ಬಂತು, ಸೂಜಿ ಎಲ್ಲಿದೆ ಎಂದು ಪರದೆಯಲ್ಲಿ ಕಾಣುತ್ತದೆ. ಎಷ್ಟೋ ಮಂದಿಗೆ ಸ್ಕ್ಯಾನಿನಲ್ಲೇ ತಿಳಿಯುವುದರಿಂದ ಸೂಜಿಯೇ ಬೇಡವಾಗುತ್ತದೆ. ಒಳ್ಳೆಯದೇ ಆಯಿತು.

ಈ ಬರಹ ಶುರುಮಾಡಿದಾಗ, ವಾರಿಜಾಳ ಭಾಗ ಬಂದಲ್ಲಿ ಪೆನ್ನು ನಿಂತಿತು. ಅವಳಿಗೆ ಹೇಳದ್ದನ್ನು ಊರಿಗೆಲ್ಲ ಓದಲು ಕೊಡುವುದು ಹೇಗೆ? ಒಂದು ಬೆಳಿಗ್ಗೆ ಮೂಡುಬಿದಿರೆಗೆ ಹೋಗಿ ನಾರಾವಿ ಬಸ್ಸು ಹತ್ತಿದೆ.

ಮನೆ ಸಿಕ್ಕಿತು. ವಾರಿಜಾ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಬೀಡಿ ಬಿಟ್ಟಿದ್ದಾಳೆ. ಜಗಲಿಯಲ್ಲಿ ಅತ್ತೆ, ಈಗ ತೀರ ಮುದುಕಿ, ಹಲ್ಲಿಲ್ಲ, ಕಿವಿ ಪೂರ್ತಿ ಹೋಗಿದೆ. ನಾನು ಕೂತು, ನೀರು ಕುಡಿದು, ತಡಮಾಡದೆ ಹೇಳಿದೆ. ಗಾಳಿ ಬಿಟ್ಟದ್ದು, ಸಲೈನ್ ತುಂಬಿಸಿದ್ದು, ಲೈಟು ಎಂದದ್ದು. ಮಾತು ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವಳು ಹಪ್ಪಳ ಮಗುಚುವುದನ್ನು ನಿಲ್ಲಿಸಿದಳು.

"ಆಗ ಹೇಳಿದ್ದರೆ ಒಂದು ಮಳೆಗಾಲ ನಾನು ಉಂಡಿರುತ್ತಿದ್ದೆ, ಅಣ್ಣ" ಎಂದಳು.

"ಹೌದು" ಎಂದೆ.

"ನನಗೆ ಹೇಳಿ ಎಂತ ಪ್ರಯೋಜನ? ನನಗೆ ನೋವಿತ್ತು ಅಂತ ನನಗೆ ಗೊತ್ತುಂಟು." ಗಲ್ಲ ಎತ್ತಿ ಜಗಲಿಯ ಕಡೆ ತೋರಿಸಿದಳು. "ಅಲ್ಲಿ ಹೇಳಿ. ಕಾಯಿಲೆ ಆಮೇಲೆ ಬಂದದ್ದು, ಮೊದಲು ಹಟವೇ ಅಂತ ಅವರು ಇವತ್ತಿಗೂ ಹೇಳ್ತಾರೆ. ಜೋರಾಗಿ ಹೇಳಿ, ಕೇಳುವುದಿಲ್ಲ."

ನಾನು ಅತ್ತೆಯ ಹತ್ತಿರ ಹೋಗಿ ಹೇಳಿದೆ. "ಆಂ?" ಎಂದರು. ಇನ್ನೂ ಜೋರಾಗಿ ಹೇಳಿದೆ. "ಎಂತ ಚೆಲ್ಲಿತು? ಹಾಲಾ?" ಕೊನೆಗೆ ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ: "ಆ ರಿಪೋರ್ಟು ಸುಳ್ಳು! ಸುಳ್ಳು ಮಾಡಿದ್ದು ನಾನು! ಇವಳಿಗೆ ಮೊದಲಿನಿಂದಲೇ ನೋವಿತ್ತು!"

ಪಕ್ಕದ ಮನೆಯವರು ಕೊಟ್ಟಿಗೆಯಿಂದ ಹೊರಗೆ ಬಂದರು. ಆಚೆ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಸೈಕಲ್ ನಿಲ್ಲಿಸಿದರು. ಇಷ್ಟು ವರ್ಷ ಒಬ್ಬಳ ಕಿವಿಗೆ ಪಿಸುಗುಟ್ಟಲಾಗದ್ದನ್ನು ನಾನು ಊರಿಗೆ ಕೇಳುವ ಹಾಗೆ ಕೂಗಿದ್ದೆ. ಅವಮಾನವಾಗಲಿಲ್ಲ. ಕೈಕಾಲು ಹಗುರಾದವು.

ಅತ್ತೆಗೆ ಕೇಳಿಸಿತ್ತು. ಆಮೇಲೆ ಸೊಸೆಯನ್ನು ಕರೆದರು.

"ವಾರಿಜಾ, ನೀನು ಆಗ ಹೇಳಿದ್ದು ಸತ್ಯವಾ?"

"ಸತ್ಯವೇ ಅತ್ತೆ!"

"ಮತ್ತೆ ಇವರ ಹಾಗೆ ಜೋರಾಗಿ ಹೇಳಬಾರದಿತ್ತಾ, ಮಾರಾಯ್ತಿ?"

"ಬಾಯಿ ತೆರೆದರಲ್ಲವಾ ಜೋರಾಗಿ ಹೇಳುವುದು!"

ಮೊದಲು ಮುದುಕಿಯ ಹೊಟ್ಟೆ ಕುಲುಕಿತು, ಆಮೇಲೆ ವಾರಿಜಾ ನಗತೊಡಗಿದಳು. ತಲೆ ಹಿಂದಕ್ಕೆ ಹಾಕಿ, ಹಪ್ಪಳದ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು, ಬಾಯಿ ತುಂಬ ನಕ್ಕಳು. ಹಳೆಯ ಅಭ್ಯಾಸ ಬಿಡುತ್ತದೆಯೇ? ನಾನು ಕಣ್ಣಲ್ಲೇ ಅಳೆದೆ. ಮೂರು ಬೆರಳು ಧಾರಾಳವಾಗಿ ಹೋಗುತ್ತಿತ್ತು.